ಬಳಚಿನ ಸುಕ್ಕ ಮತ್ತು ಎರಡು ಮಝ್‌ಹಬ್

ಹೊನ್ನಾವರದ ನಮ್ಮ ಮನೆಯಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ತಂದ ದಿನ ಒಲೆಯ ಮೇಲೆ ಎರಡು ಪಾತ್ರೆಗಳಿರುತ್ತವೆ. ಇಸ್ಲಾಮಿನ ಧರ್ಮಶಾಸ್ತ್ರದ ಪರಂಪರೆಗಳಿಗೆ ಮಝ್‌ಹಬ್ ಎನ್ನುತ್ತಾರೆ; ನಾನು ಶಾಫಿ ಮಝ್‌ಹಬ್‌ನವನು. ನನ್ನ ಹೆಂಡತಿ ಹುಬ್ಬಳ್ಳಿ ಕಡೆಯ ಹನಫಿ ಮನೆತನದವಳು. ನಮ್ಮ ಪಂಡಿತರ ಪ್ರಕಾರ ಸಮುದ್ರದ ಚಿಪ್ಪುಜೀವಿಗಳನ್ನು ತಿನ್ನಲು ಅಡ್ಡಿಯಿಲ್ಲ. ಹನಫಿ ಪಂಡಿತರು ನೀರಿನ ಜೀವಿಗಳಲ್ಲಿ ಮೀನನ್ನು ಮಾತ್ರ ಒಪ್ಪುತ್ತಾರೆ. ಸಿಗಡಿ ಮೀನೋ ಅಲ್ಲವೋ ಎಂಬುದರ ಬಗ್ಗೆ ಅವರವರಲ್ಲೇ ಇಂದಿಗೂ ಚರ್ಚೆಯಿದೆ. ಹಾಗಾಗಿ ಅವಳು ಮೆಟ್ಟುಕತ್ತಿಯ ಮೇಲೆ ಕುಳಿತು ಬಳಚನ್ನು ಒಂದೊಂದಾಗಿ ಬಿಡಿಸಿ, ಕಾಯಿ ತುರಿದು, ನನಗೆಂದು ಸುಕ್ಕ ಮಾಡುತ್ತಾಳೆ; ತನಗೆ ಬಂಗುಡೆ ಸಾರು ಇಟ್ಟುಕೊಳ್ಳುತ್ತಾಳೆ. ಸುಕ್ಕದ ಉಪ್ಪು ನೋಡುವ ಕೆಲಸ ಮಾತ್ರ ನನ್ನದು. ಮದುವೆಯಾದಂದಿನಿಂದ ಇದು ಹೀಗೆಯೇ ನಡೆದುಕೊಂಡು ಬಂದಿದೆ.

ಕಳೆದ ಚೌತಿಯ ಮರುದಿನ ಅಕ್ಕನ ಮಗ ಊಟಕ್ಕೆ ಬಂದಿದ್ದ. ಎಂಜಿನಿಯರಿಂಗ್ ಓದುವ, ಐದು ಹೊತ್ತಿನ ನಮಾಝ್ ತಪ್ಪಿಸದ, ಹಿರಿಯರೆದುರು ದನಿ ಎತ್ತಿ ಮಾತನಾಡದ ಹುಡುಗ. ಅವನು ಎರಡು ಪಾತ್ರೆಗಳನ್ನು ನೋಡಿ, “ಮಾಮೂ, ಇಸ್ಲಾಂ ಒಂದೇ ಆದ ಮೇಲೆ ನಿಮ್ಮಿಬ್ಬರಲ್ಲಿ ಒಬ್ಬರದು ತಪ್ಪಿರಲೇಬೇಕಲ್ಲ?” ಎಂದು ಕೇಳಿದ. ಬೇಲಿಯಾಚೆಯ ಮನೆಯವರು ಕಳಿಸಿದ್ದ ಚಕ್ಕುಲಿಯನ್ನೂ ಅವನು ಮುಟ್ಟಲಿಲ್ಲ. ಚಕ್ಕುಲಿ ಬೇಡವೆಂದದ್ದು ನನಗೆ ದೊಡ್ಡ ವಿಷಯವಲ್ಲ. ಅದು ಅವನ ಆಯ್ಕೆ, ಹಾಗೆ ಹೇಳುವ ಪಂಡಿತರೂ ಇದ್ದಾರೆ. ಆದರೆ ತಿಂದವರ ಈಮಾನೇ (ಧರ್ಮವಿಶ್ವಾಸವೇ) ಹೋಯಿತು ಎಂಬರ್ಥದ ಮಾತೊಂದನ್ನು ಅವನು ಮೆಲ್ಲಗೆ ಸೇರಿಸಿದಾಗ ನಾನು ತುತ್ತು ಕೆಳಗಿಟ್ಟೆ. ಎಲ್ಲಿ ಕಲಿತೆಯೆಂದು ಕೇಳಿದರೆ ಮೊಬೈಲನ್ನು ಮುಂದೆ ಹಿಡಿದ. ಒಂದು ನಿಮಿಷದ ಭಾಷಣ. ಮಾತನಾಡುವವರು ಯಾವ ಮಝ್‌ಹಬ್‌ನವರು, ಯಾರ ಬಳಿ ಓದಿದವರು ಎಂಬ ಸುಳಿವು ಅದರಲ್ಲಿರಲಿಲ್ಲ.

ಉಗ್ರವಾದದ ಬಗ್ಗೆ ನಾವು ಮಾತನಾಡುವಾಗ ಬಂದೂಕಿನಿಂದ ಆರಂಭಿಸುತ್ತೇವೆ. ಆದರೆ ಅದು ಆರಂಭವಾಗುವುದು “ನೀನು ಮುಸ್ಲಿಮನೇ ಅಲ್ಲ” ಎಂಬ ತೀರ್ಪಿನಿಂದ. ಇದಕ್ಕೆ ತಕ್ಫೀರ್ ಎನ್ನುತ್ತಾರೆ, ಮತ್ತು ಇದು ಇಂದಿನ ರೋಗವಲ್ಲ. 661ರಲ್ಲಿ ನಾಲ್ಕನೆಯ ಖಲೀಫ ಅಲಿಯವರನ್ನು ಕೊಂದವನು, ತಮ್ಮನ್ನು ಒಪ್ಪದವರನ್ನು ಮುಸ್ಲಿಮರೇ ಅಲ್ಲವೆನ್ನುತ್ತಿದ್ದ ಖವಾರಿಜ್ ಪಂಥದವನು. ಆ ಪಂಥದವರು ನಮಾಝ್ ಬಿಟ್ಟವರಾಗಿರಲಿಲ್ಲ; ಸಜ್ದಾ (ನೆಲಕ್ಕೆ ಹಣೆ ಹಚ್ಚುವ ನಮನ) ಮಾಡಿ ಮಾಡಿ ಹಣೆಯಲ್ಲಿ ಗುರುತು ಬಿದ್ದವರೆಂದೇ ಇತಿಹಾಸಕಾರರು ಅವರನ್ನು ವರ್ಣಿಸುತ್ತಾರೆ. ತೀರ್ಪು ಅಲ್ಲಾಹನಿಗೆ ಮಾತ್ರ ಸೇರಿದ್ದು ಎಂಬ ಅವರ ಘೋಷಣೆಯನ್ನು ಕೇಳಿದ ಅಲಿಯವರು, ಮಾತೇನೋ ಸತ್ಯ, ಆದರೆ ಅದರ ಹಿಂದಿನ ಉದ್ದೇಶ ಅಸತ್ಯ ಎಂದರಂತೆ. ಹದಿಮೂರು ಶತಮಾನಗಳ ನಂತರವೂ ನನಗೆ ಇದಕ್ಕಿಂತ ಚಿಕ್ಕದಾದ, ನಿಖರವಾದ ಉತ್ತರ ಸಿಕ್ಕಿಲ್ಲ.

ಇದಕ್ಕೆ ಮದ್ದೂ ಪರಂಪರೆಯೊಳಗೇ ಇದೆ. ಅದರ ಹೆಸರು ಇಖ್ತಿಲಾಫ್, ಅಂದರೆ ಪಂಡಿತರ ನಡುವಿನ ಭಿನ್ನಾಭಿಪ್ರಾಯ. ಸಹಿಸಿಕೊಳ್ಳಬೇಕಾದ ದೋಷವೆಂದಲ್ಲ, ನಿಯಮಗಳಿರುವ ಒಂದು ಶಾಸ್ತ್ರವೆಂದೇ ಅದನ್ನು ಬೆಳೆಸಲಾಯಿತು. ನಸುಕಿನ ಫಜ್ರ್ ನಮಾಝ್‌ನಲ್ಲಿ ಕುನೂತ್ ಎಂಬ ಪ್ರಾರ್ಥನೆಯನ್ನು ಓದಬೇಕೆಂಬುದು ಇಮಾಮ್ ಶಾಫಿಯವರ ಮತ. ಅವರೇ ಬಗ್ದಾದಿನಲ್ಲಿ, ಹನಫಿಗಳ ಮೂಲಪುರುಷರಾದ ಇಮಾಮ್ ಅಬೂ ಹನೀಫರ ಗೋರಿಯ ಬಳಿ ನಮಾಝ್ ಮಾಡಿದಾಗ, ಅಲ್ಲಿ ಮಲಗಿರುವವರ ಮೇಲಿನ ಗೌರವದಿಂದ ಕುನೂತನ್ನು ಬಿಟ್ಟರೆಂಬ ಪ್ರಸಂಗವನ್ನು ಹಿರಿಯರು ಹೇಳುತ್ತಾರೆ. ತಮ್ಮ ಗ್ರಂಥವನ್ನು ರಾಜ್ಯವೆಲ್ಲ ಪಾಲಿಸುವಂತೆ ಆಜ್ಞೆ ಹೊರಡಿಸುತ್ತೇನೆಂದ ಖಲೀಫನನ್ನು ಮತ್ತೊಂದು ಮಝ್‌ಹಬ್‌ನ ಮೂಲಪುರುಷರಾದ ಇಮಾಮ್ ಮಾಲಿಕ್ ತಡೆದರೆಂಬ ಕಥೆಯೂ ಪ್ರಸಿದ್ಧ. ಈ ಎರಡನ್ನೂ ನಾನು ಬಾಲ್ಯದಲ್ಲಿ ಧರ್ಮಪಾಠ ಹೇಳಿಕೊಡುವ ಮಕ್ತಬ್‌ನಲ್ಲೇ ಕೇಳಿದ್ದೆ. ನನ್ನ ಅಳಿಯನಿಗೆ ಎರಡೂ ತಿಳಿದಿರಲಿಲ್ಲ. ಹಲಾಲ್ ಹರಾಮ್‌ಗಳ ಉದ್ದನೆಯ ಪಟ್ಟಿಯೊಂದು ಮಾತ್ರ ಬಾಯಿಪಾಠವಿತ್ತು.

ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡನೆಂದೂ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲವೆಂದೂ ಬರೆದಿದ್ದಾನೆ. ಊರಿನ ಹೆಂಗಸರಿಗೆಲ್ಲ ಕುರ್‌ಆನ್ ಕಂಠಪಾಠವಾಗಿತ್ತಂತೆ. ಇಲ್ಲಿನ ಸುಲ್ತಾನ ಜಮಾಲುದ್ದೀನ್, ಹಿಂದೂ ಅರಸನಾದ ಹರಿಹರನ ಅಧೀನದಲ್ಲಿದ್ದ. ಇದನ್ನೆಲ್ಲ ಸುವರ್ಣಯುಗವೆಂದು ಮೆರೆಸುವುದು ನನ್ನ ಉದ್ದೇಶವಲ್ಲ. ಇದೇ ಸುಲ್ತಾನ ಹಡಗು ಕಟ್ಟಿಕೊಂಡು ಗೋವೆಯ ಮೇಲೆ ದಂಡೆತ್ತಿ ಹೋದ, ಪ್ರವಾಸಿಯೂ ಜೊತೆಗಿದ್ದ. ಆದರೂ ಧರ್ಮನಿಷ್ಠೆ, ಹೆಣ್ಣುಮಕ್ಕಳ ಓದು, ಪರಧರ್ಮದ ಅರಸನ ಆಳ್ವಿಕೆ ಇವು ಮೂರೂ ಒಂದೇ ಊರಿನಲ್ಲಿ ಒಟ್ಟಿಗಿದ್ದವೆಂಬುದನ್ನು ಶರಾವತಿಯ ದಡದಲ್ಲಿ ಬೆಳೆದ ಹುಡುಗನೊಬ್ಬ ತಿಳಿದಿರಬೇಕಿತ್ತು.

ದೊಡ್ಡವರ ಪ್ರಯತ್ನಗಳೂ ನಡೆದಿವೆ. 2004ರಲ್ಲಿ ಜೋರ್ಡಾನಿನಿಂದ ಹೊರಟ ಅಮ್ಮಾನ್ ಸಂದೇಶ ಮತ್ತು ಅದರ ಮರುವರ್ಷದ ನಿರ್ಣಯಗಳು ಸುನ್ನಿ, ಶಿಯಾ, ಇಬಾಝಿ ಸೇರಿದಂತೆ ಎಂಟು ಮಝ್‌ಹಬ್‌ಗಳನ್ನು ಮಾನ್ಯ ಮಾಡಿ, ಅವುಗಳ ಅನುಯಾಯಿಗಳ ಮೇಲೆ ತಕ್ಫೀರ್ ಮಾಡುವುದನ್ನು ನಿಷೇಧಿಸಿದವು. ಅರ್ಹತೆಯಿಲ್ಲದವರು ಫತ್ವಾ ಕೊಡಬಾರದೆಂದೂ ಹೇಳಿದವು. ಒಳ್ಳೆಯದೇ. ಆದರೆ ರಾಜರು ಕರೆದ ಸಭೆಯ ನಿರ್ಣಯವೆಂದರೆ ಯುವಕರಿಗೆ ಅನುಮಾನ ಬರುವುದು ಸಹಜ, ನನಗೂ ಸ್ವಲ್ಪ ಬರುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಇಂಡೋನೇಷ್ಯಾದ ನಹ್ದತುಲ್ ಉಲಮಾದ ಕ್ರಮ. 1926ರಲ್ಲಿ ಸ್ಥಾಪನೆಯಾದ, ನಮ್ಮ ಹಾಗೆಯೇ ಮುಖ್ಯವಾಗಿ ಶಾಫಿ ಸಂಪ್ರದಾಯದ ಈ ಸಂಸ್ಥೆಯ ಉಲಮಾಗಳು, ಅಂದರೆ ಧರ್ಮಪಂಡಿತರು, 2019ರಲ್ಲಿ ಸೇರಿ, ದೇಶದ ಮುಸ್ಲಿಮೇತರರನ್ನು ಕಾಫಿರ್ ಎಂದು ಕರೆಯಬಾರದು, ಅವರು ಸಮಾನ ನಾಗರಿಕರು ಎಂದು ನಿರ್ಣಯಿಸಿದರು. ಈ ಮಾತು ಹೊರಗಿನವರ ಒತ್ತಾಯಕ್ಕೆ ಹೊಲಿದ ಅಂಗಿಯಲ್ಲ; ಊರೂರಿನ ಮದರಸಾಗಳನ್ನು ನಡೆಸುವವರು ಧರ್ಮಶಾಸ್ತ್ರವಾದ ಫಿಕ್ಹ್‌ನ ಭಾಷೆಯಲ್ಲೇ ಚರ್ಚಿಸಿ ತಲುಪಿದ ತೀರ್ಮಾನ.

“ಉದಾರವಾದಿ ಮುಸ್ಲಿಂ” ಎಂಬ ಪ್ರಮಾಣಪತ್ರದ ಬಗ್ಗೆ ನನಗಿರುವ ಮುಜುಗರವೂ ಇಲ್ಲಿಯದೇ. ಎಲ್ಲೋ ಬಾಂಬ್ ಸಿಡಿದಾಗ ಪರಿಚಿತರು ನನ್ನ ಭುಜ ತಟ್ಟಿ, “ಎಲ್ಲರೂ ನಿಮ್ಮ ಹಾಗಿದ್ದರೆ ಚೆನ್ನಾಗಿತ್ತು” ಎನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಆ ಮಾತಿನಲ್ಲಿ, ಧರ್ಮವನ್ನು ಸ್ವಲ್ಪ ಕಡಿಮೆ ಪಾಲಿಸುವವನೇ ಒಳ್ಳೆಯ ಮುಸ್ಲಿಂ ಎಂಬ ಭಾವನೆ ಅಡಗಿದೆ. ಆ ಭಾವನೆಯೇ ನನ್ನ ಅಳಿಯನಂಥವರನ್ನು ಮೊಬೈಲಿನ ಕಡೆಗೆ ತಳ್ಳುತ್ತದೆ. ಅವನಿಗೆ ಬೇಕಿರುವುದು ಕಡಿಮೆ ಧರ್ಮವಲ್ಲ, ಹೆಚ್ಚು ಓದು.

ಅಂದು ನಾನು ಅವನಿಗೆ ಕುರ್‌ಆನಿನ ಐದನೆಯ ಅಧ್ಯಾಯದ 48ನೆಯ ವಚನವನ್ನು ತೆರೆದು ತೋರಿಸಿದೆ. ಅಲ್ಲಾಹನು ಬಯಸಿದ್ದರೆ ನಿಮ್ಮೆಲ್ಲರನ್ನೂ ಒಂದೇ ಸಮುದಾಯವನ್ನಾಗಿ ಮಾಡಬಹುದಿತ್ತು, ಹಾಗೆ ಮಾಡಲಿಲ್ಲ, ಒಳಿತಿನಲ್ಲಿ ಪರಸ್ಪರ ಪೈಪೋಟಿ ಮಾಡಿ ಎಂಬುದು ಅದರ ತಾತ್ಪರ್ಯ. ಅವನು ಅರಬ್ಬಿಯಲ್ಲಿ ಅದನ್ನು ಎಷ್ಟೋ ಸಲ ಓದಿದ್ದ. ಕನ್ನಡದಲ್ಲಿ ಓದಿದ್ದು ಅದೇ ಮೊದಲು. ನಮ್ಮಲ್ಲಿ ಜುಮಾ ಪ್ರವಚನಗಳು ಹುಡುಗರು ಯೋಚಿಸುವ ಭಾಷೆಯಲ್ಲಿ ಹೆಚ್ಚಾಗಿ ಆಗಬೇಕೆಂದು ನಾನು ಜಮಾತಿನ ಹಿರಿಯರಲ್ಲಿ ಕೇಳುತ್ತಲೇ ಬಂದಿದ್ದೇನೆ. ಕೆಲವರು ಒಪ್ಪಿದ್ದಾರೆ, ಕೆಲವರು ನಕ್ಕು ಸುಮ್ಮನಾಗಿದ್ದಾರೆ.

ಕಳೆದ ಭಾನುವಾರ ಅವನು ಮತ್ತೆ ಬಂದಿದ್ದ. ನಾನು ಮಸೀದಿಯಿಂದ ಮರಳುವುದು ತಡವಾಗಿತ್ತು. ಹೆಂಡತಿ ಅವನನ್ನೇ ಅಡುಗೆಮನೆಗೆ ಕರೆದು ಸುಕ್ಕದ ಉಪ್ಪು ನೋಡಲು ಹೇಳಿದ್ದಳು. ನಾನು ಒಳಗೆ ಬರುವಾಗ ಅವನು ಚಮಚ ಹಿಡಿದು ನಿಂತಿದ್ದ. ಮುಮಾನಿಯ (ನನ್ನ ಹೆಂಡತಿಯ) ಮಝ್‌ಹಬ್‌ನ ವಾದ ತನಗಿನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲವೆಂದು ಹೇಳಿ, ಉಪ್ಪು ಸಾಲದು ಎಂದ.