ಸೀನ್ ದಂಡೆಯಲ್ಲಿ ಮೋಲಿಯೇರನ ಚಿತ್ರ ಕೊಳ್ಳುವ ಮುನ್ನ

ಪ್ಯಾರಿಸ್‌ಗೆ ಬಂದವರು ಸೀನ್ ನದಿಯ ದಂಡೆಗುಂಟ ಹಸಿರು ಪೆಟ್ಟಿಗೆಗಳಲ್ಲಿ ಹಳೆಯ ಪುಸ್ತಕ ಮಾರುವ ಬುಕಿನಿಸ್ತರ ಮುಂದೆ ನಿಂತೇ ನಿಲ್ಲುತ್ತಾರೆ. ಅಲ್ಲಿ 17ನೇ ಶತಮಾನದ ಫ್ರೆಂಚ್ ನಾಟಕಕಾರ ಮೋಲಿಯೇರನ ನಾಟಕಗಳ ದೃಶ್ಯಚಿತ್ರಗಳು ಬಿಡಿ ಹಾಳೆಗಳಾಗಿ ಸಿಗುತ್ತವೆ. ಊರಿಗೆ ಒಯ್ಯಲು ಚೆಂದದ ವಸ್ತು. ಆದರೆ ಕೆಳಗಿರುವ ಹೆಸರನ್ನು ನಂಬಿ ದುಡ್ಡು ಕೊಡಬೇಡಿ, ಕಾಗದ ನೋಡಿ ಕೊಡಿ.

‘ತಾರ್ತುಫ್’ ನಾಟಕವನ್ನೇ ತೆಗೆದುಕೊಳ್ಳಿ. 1664ರಲ್ಲಿ ವರ್ಸೈಲ್ಸ್‌ನಲ್ಲಿ ಆಡಿದ ಮೇಲೆ ನಿಷೇಧಕ್ಕೊಳಗಾಗಿ, 1669ರಲ್ಲಷ್ಟೇ ಸಾರ್ವಜನಿಕವಾಗಿ ಆಡಲು ಅನುಮತಿ ಸಿಕ್ಕಿತು. ಮೋಲಿಯೇರನ ನಾಟಕಗಳ 1682ರ ಸಂಗ್ರಹಕ್ಕೆ ಬ್ರಿಸಾರ್ ಚಿತ್ರ ಬರೆದ, ಅದನ್ನು ಅಚ್ಚೊತ್ತಲು ಸೋವೆ ತಾಮ್ರದ ತಟ್ಟೆಯ ಮೇಲೆ ಕೊರೆದ. ಮೇಜಿನಡಿ ಅಡಗಿದ್ದ ಮನೆಯೊಡೆಯ ಓರ್ಗಾನ್ ಹೊರಬರುವ ದೃಶ್ಯ ಅದರಲ್ಲಿದೆ. 1734ರ ಆವೃತ್ತಿಗೆ ಬೂಷೆ ಬರೆದ ಚಿತ್ರಗಳನ್ನು ಲೋರಾನ್ ಕಾರ್ಸ್ ತಾಮ್ರದ ಮೇಲೆ ಕೊರೆದ. ಆರು ಸಂಪುಟ, 33 ಚಿತ್ರ, ದೊಡ್ಡ ಹಾಳೆ. 1773ರಲ್ಲಿ ಮೊರೋ ಹೊಸ ಸರಣಿ ಬರೆದ, ಈ ಸಲ ಹಾಳೆ ಚಿಕ್ಕದು. ನನ್ನ ಮಟ್ಟಿಗೆ ಮೊರೋನ ಒಳಾಂಗಣಗಳ ನಯಕ್ಕೆ ಸಾಟಿಯಿಲ್ಲ.

ತೊಂದರೆ ಶುರುವಾಗುವುದು ಇಲ್ಲಿಂದ. ಬೂಷೆಯ ಚಿತ್ರಗಳನ್ನು ಯಾನ್ ಪುಂಟ್ ಚಿಕ್ಕ ಗಾತ್ರಕ್ಕೆ ಇಳಿಸಿ ಮತ್ತೆ ಕೊರೆದ. ಮೊರೋ ತಾನೇ 19ನೇ ಶತಮಾನದ ಆರಂಭದಲ್ಲಿ ರೆನುವಾರ್ ಎಂಬ ಪ್ರಕಾಶಕನಿಗಾಗಿ ಎರಡನೆಯ ಸರಣಿ ಬರೆದ. ಹಾಗಾಗಿ ‘ಮೊರೋ’ ಎಂದಷ್ಟೇ ಬರೆದ ಚೀಟಿ ಏನನ್ನೂ ಹೇಳುವುದಿಲ್ಲ. ಚಿತ್ರದ ಕೆಳಗೆ ಸಾಮಾನ್ಯವಾಗಿ ಎಡಕ್ಕೆ ಬರೆದವನ ಹೆಸರು, ಬಲಕ್ಕೆ ‘ಸ್ಕುಲ್ಪ್.’ (ಅಂದರೆ ‘ಕೊರೆದ’) ಎಂಬುದರ ಜೊತೆ ಕೊರೆದವನ ಹೆಸರು ಇರುತ್ತದೆ. ಎರಡನೆಯದನ್ನೇ ಮೊದಲು ಓದಿ. ಮೂಲ ಅಚ್ಚನ್ನು ನೋಡಿಕೊಂಡು ನೇರವಾಗಿ ತಾಮ್ರದ ಮೇಲೆ ಕೊರೆದರೆ ಅಚ್ಚಿನಲ್ಲಿ ಎಡಬಲ ತಿರುಗುತ್ತದೆ. ಪಾತ್ರಗಳೆಲ್ಲ ಎಡಗೈಯವರಂತೆ ಕಂಡರೆ ಅದು ನಕಲಿನ ಸುಳಿವು.

ಈಗ ಹಾಳೆ ಕೈಗೆ ತೆಗೆದುಕೊಳ್ಳಿ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಚುಕ್ಕಿಗಳ ಜಾಲ ಕಂಡರೆ ಅದು ಫೋಟೋ ಮುದ್ರಣ, ಅಲ್ಲಿಗೆ ಬಿಟ್ಟುಬಿಡಿ. ತಾಮ್ರದಚ್ಚಿನ ಗೆರೆ ಗಟ್ಟಿ ಕಪ್ಪಾಗಿದ್ದು ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ. ತಟ್ಟೆಯನ್ನು ಒತ್ತಿದ ಆಯತದ ತಗ್ಗು ಚಿತ್ರದ ಸುತ್ತ ಉಳಿದಿರುತ್ತದೆ; ಪುಸ್ತಕ ಕಟ್ಟುವವರು ಅಂಚು ಕತ್ತರಿಸಿದ್ದರೆ ಅದು ಇರದೆಯೂ ಹೋಗಬಹುದು. 19ನೇ ಶತಮಾನದ ಕೊನೆಯ ಫೋಟೋಗ್ರಾವ್ಯೂರ್‌ಗಳಿಗೂ (ಫೋಟೋದ ನೆರವಿನಿಂದ ತಯಾರಿಸಿದ ತಾಮ್ರತಟ್ಟೆಯ ಅಚ್ಚುಗಳು) ಇಂಥದೇ ತಗ್ಗು ಇರುವುದರಿಂದ ತಗ್ಗೊಂದನ್ನೇ ನಂಬುವಂತಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ. 18ನೇ ಶತಮಾನದ ಕೈಕಾಗದದಲ್ಲಿ ಸುಮಾರು 25 ಮಿ.ಮೀ. ಅಂತರದ ಗೆರೆಗಳು, ನಡುವೆ ಒತ್ತೊತ್ತಾದ ಸಣ್ಣ ಗೆರೆಗಳು ಕಾಣುತ್ತವೆ. ದೊಡ್ಡ ಗೆರೆಗಳ ಬದಿಗೆ ಮಸುಕು ನೆರಳೂ ಇರುತ್ತದೆ. ಯಂತ್ರದಲ್ಲಿ ಮಾಡಿದ ಅನುಕರಣೆಯಲ್ಲಿ ಆ ನೆರಳಿಲ್ಲ.

ತಾಮ್ರ ಮೆತ್ತಗಿನ ಲೋಹ, ಅಚ್ಚು ಹೆಚ್ಚಿದಷ್ಟೂ ಸವೆಯುತ್ತದೆ. ಮುಖಗಳ ಸಣ್ಣ ಗೆರೆ ಮಾಯವಾಗಿ ನೆರಳುಗಳು ಬೂದಿಬಣ್ಣಕ್ಕೆ ತಿರುಗಿದ್ದರೆ ಅದು ತಡವಾದ ಅಚ್ಚು. 1734ರ ಇಡೀ ಪುಸ್ತಕವನ್ನೇ ಕೊಳ್ಳುವವರು ಆರನೆಯ ಸಂಪುಟದ 360ನೇ ಪುಟ ತೆರೆಯಬೇಕು: ‘ಕೌಂಟೆಸ್’ ಎಂಬರ್ಥದ ಪದದಲ್ಲಿ ಅಕ್ಷರದೋಷವಿದ್ದರೆ ಅದು ಮೊದಲ ಮುದ್ರಣ. ಈ ಹಳೆಯ ಸರಣಿಗಳಲ್ಲಿ ಬಣ್ಣ ಕಂಡರೆ ಸಾಮಾನ್ಯವಾಗಿ ಆಮೇಲೆ ಹಚ್ಚಿದ್ದು, ಅದಕ್ಕಾಗಿ ಹೆಚ್ಚು ಕೊಡಬೇಡಿ. ಪ್ಯಾರಿಸ್‌ನ ಕಾಮಿಡಿ ಫ್ರಾನ್ಸೇಸ್ ನಾಟಕ ಸಂಸ್ಥೆಯ ನಟ ಜೆಫ್ರುವಾ 19ನೇ ಶತಮಾನದಲ್ಲಿ ಬರೆದ ಪಾತ್ರವೇಷಗಳ ಮಾತು ಬೇರೆ, ಅವು ಬಣ್ಣದಲ್ಲೇ ಪ್ರಕಟವಾದವು.

ಹಾಳೆಯನ್ನು ಸುರುಳಿ ಸುತ್ತದೆ, ಆಮ್ಲರಹಿತ ಎರಡು ರಟ್ಟುಗಳ ನಡುವೆ ಇಟ್ಟು ಕೈಚೀಲದಲ್ಲೇ ತನ್ನಿ. ಊರಿನಲ್ಲಿ ಚೌಕಟ್ಟು ಹಾಕಿಸುವಾಗ ಅಂಗಡಿಯವರು ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಬಿಳಿ ಅಂಟಿನಿಂದ ಅಂಟಿಸಲು ಹೊರಟರೆ ತಡೆಯಿರಿ, ಮತ್ತೆ ಬಿಡಿಸಲಾಗದು. ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಪುಟ್ಟ ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸಿದರೆ ಸಾಕು. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಿದರೆ ಕಂದುಚುಕ್ಕಿ ಹಬ್ಬುತ್ತದೆ. ಬಿಸಿಲು ಬೀಳದ ಒಳಗೋಡೆ ಆರಿಸಿ, ಚೌಕಟ್ಟಿನ ಹಿಂದೆ ಗಾಳಿಯಾಡಲು ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿ.