ಸುಂಟಿಕೊಪ್ಪದ ಕೆರೆಯಲ್ಲಿ ವೆಟ್‌ಸೂಟ್ ಪರೀಕ್ಷೆ: ಫ್ರೀಡೈವಿಂಗ್ ಮಾಡುವವರಿಗೆ ಒಂದಿಷ್ಟು ಮಾತು

ಜನವರಿಯಲ್ಲಿ ನಾವು ಮೂವರು ಗೆಳೆಯರು ಮೈಸೂರಿನಿಂದ ಕೊಡಗಿನ ಸುಂಟಿಕೊಪ್ಪಕ್ಕೆ ಹೋಗಿದ್ದೆವು. ಅಲ್ಲಿ ಅಕ್ಕ-ಭಾವನ ಕಾಫಿ ತೋಟ ಇದೆ, ತೋಟದ ತಗ್ಗಿನಲ್ಲಿ ಒಂದು ಕೆರೆ. ಬೇಸಿಗೆಗೆ ಮೊದಲು ಲಕ್ಷದ್ವೀಪಕ್ಕೆ ಹೋಗಿ ಫ್ರೀಡೈವಿಂಗ್ ಮಾಡುವ ಯೋಚನೆ ನಮ್ಮದು. ಅಂದರೆ ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಮುಳುಗುವುದು. ಮೂವರೂ ತರಬೇತಿ ಮುಗಿಸಿದ್ದೆವು. ಹೊಸ ವೆಟ್‌ಸೂಟ್‌ಗಳನ್ನು, ಅಂದರೆ ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪುಗಳನ್ನು, ತಣ್ಣೀರಿನಲ್ಲಿ ಹಾಕಿ ನೋಡುವುದು ಮಾತ್ರ ಬಾಕಿ ಇತ್ತು.

ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿದರೆ ಸುಂಟಿಕೊಪ್ಪ. ನೂರು ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ ಅಷ್ಟೇ. ಬೇಕಾದ ಸಾಮಾನನ್ನೆಲ್ಲ ಮನೆಯಿಂದಲೇ ಒಯ್ಯಿರಿ. ದಾರಿಯಲ್ಲಿ ಇಂಥದ್ದು ಸಿಗುತ್ತದೆ ಅಂತ ನಂಬಿಕೊಂಡು ಹೊರಡಬೇಡಿ.

ಬೆಳಿಗ್ಗೆ ಏಳೂವರೆಗೆ ಕೆರೆ ಮೇಲೆ ಮಂಜು ಇನ್ನೂ ಕೂತಿತ್ತು. ನೀರಿಗೆ ಥರ್ಮಾಮೀಟರ್ ಬಿಟ್ಟು ನೋಡಿದರೆ 20 ಡಿಗ್ರಿ. ನನ್ನದು 5 ಮಿಲಿಮೀಟರ್ ದಪ್ಪದ ಸೂಟ್. ದಪ್ಪ ಇದ್ದಷ್ಟು ಬೆಚ್ಚಗೆ ಅಂತ ಆರಿಸಿದ್ದೆ. ಆನ್‌ಲೈನ್‌ನಲ್ಲಿ ತರಿಸುವಾಗ, ಬಿಗಿಯಾದರೆ ಕಷ್ಟ ಅಂತ ಒಂದು ಅಳತೆ ದೊಡ್ಡದೇ ತೆಗೆದುಕೊಂಡಿದ್ದೆ. ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಅನ್ನತೊಡಗಿತು. ಕೈ ಬೀಸಿದಾಗಲೆಲ್ಲ ಕತ್ತಿನಿಂದ ಒಂದು ಲೋಟದಷ್ಟು ತಣ್ಣೀರು ಒಳಗೆ ನುಗ್ಗಿ, ಬೆನ್ನುಗುಂಟ ಇಳಿದು ಸೊಂಟದ ಹಿಂದಿನ ಹಳ್ಳದಲ್ಲಿ ನಿಲ್ಲುತ್ತಿತ್ತು. ಪಕ್ಕದಲ್ಲೇ ಇದ್ದ ಗೆಳೆಯನದು ಬರೀ 3 ಮಿಲಿಮೀಟರ್. ಮೈಗೆ ಅಂಟಿಕೊಂಡಂತಿತ್ತು. ಅವನು ಮುಕ್ಕಾಲು ಗಂಟೆ ಆರಾಮಾಗಿ ನೀರಲ್ಲಿದ್ದ. ಮಧ್ಯಾಹ್ನ ಅವನ ಸೂಟ್ ನಾನು ಹಾಕಿಕೊಂಡೆ, ಇಬ್ಬರ ಮೈಕಟ್ಟೂ ಒಂದೇ. ಮಾರನೇ ದಿನ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ನೀರಿಗೆ ಅದನ್ನೇ ಹಾಕಿಕೊಂಡು ಇಳಿದೆ. ನಡುಕವೇ ಬರಲಿಲ್ಲ.

ಕಾರಣ ಇಷ್ಟೇ. ಬೆಚ್ಚಗಿಡುವುದು ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಸಣ್ಣ ಅನಿಲದ ಗುಳ್ಳೆಗಳು. ಸೂಟ್ ಮತ್ತು ಚರ್ಮದ ನಡುವೆ ನೀರು ಓಡಾಡುತ್ತಿದ್ದರೆ ಮೈಯ ಕಾವನ್ನು ಅದು ಹೊತ್ತುಕೊಂಡು ಹೋಗುತ್ತದೆ. ಆಗ ರಬ್ಬರ್ ಎಷ್ಟು ದಪ್ಪ ಇದ್ದು ಏನು ಪ್ರಯೋಜನ? ಇನ್ನೊಂದು ವಿಷಯ, ಕೆಳಗೆ ಹೋದಂತೆ ಆ ಗುಳ್ಳೆಗಳು ಹಿಂಡಿಹೋಗುತ್ತವೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು ಆಗುತ್ತದೆ, ಅನಿಲ ಅರ್ಧಕ್ಕೆ ಇಳಿಯುತ್ತದೆ. ಮೇಲೆಯೇ ಸಡಿಲ ಇರುವ ಸೂಟ್ ಅಲ್ಲಿ ಇನ್ನೂ ಸಡಿಲ.

ಸೂಟ್ ಆರಿಸುವವರು ಹಾಕಿಕೊಂಡ ಮೇಲೆ ಮೊದಲು ಸೊಂಟದ ಹಿಂಭಾಗ ಮುಟ್ಟಿ ನೋಡಿ. ಬೆನ್ನು ಒಳಗೆ ಬಾಗುವ ಜಾಗ ಅದು, ಹೆಚ್ಚಿನವರಿಗೆ ಗಾಳಿ ಉಳಿಯುವುದು ಅಲ್ಲೇ. ಒತ್ತಿದಾಗ ಪುಸಕ್ ಅಂದರೆ ಆ ಸೂಟ್ ನಿಮಗಲ್ಲ. ಕಂಕುಳು, ತೊಡೆಯ ಸಂದು, ಮೊಣಕಾಲಿನ ಹಿಂದೆ ಸುಕ್ಕು ಬೀಳಬಾರದು. ಎರಡೂ ಕೈ ತಲೆ ಮೇಲೆ ಚಾಚಿ ಜೋಡಿಸಿ, ಮುಳುಗುವಾಗ ಇರುವ ಹಾಗೆ. ಭುಜ ಎಳೆದು ನೋಯುತ್ತಿದ್ದರೆ ತೋಳು ಗಿಡ್ಡ ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯ ಉಸಿರು. ಮೊದಲು ಹೊಟ್ಟೆ ತುಂಬ, ಆಮೇಲೆ ಎದೆ ತುಂಬ ಗಾಳಿ ತೆಗೆದುಕೊಳ್ಳಿ. ಸೂಟ್ ಮೈಗೆ ಒತ್ತಿಕೊಂಡಿರಲಿ, ಆದರೆ ಪೂರ್ತಿ ಉಸಿರಿಗೆ ತಡೆ ಆಗಬಾರದು. ಸ್ಕೂಬಾ ಮಾಡುವವರಿಗೆ ನೀರೊಳಗೂ ಸಿಲಿಂಡರ್‌ನಿಂದ ಉಸಿರು ಬರುತ್ತಲೇ ಇರುತ್ತದೆ. ನಮಗೆ ಸಿಗುವುದು ಮೇಲೆ ತೆಗೆದುಕೊಂಡ ಆ ಒಂದೇ ಉಸಿರು, ಅಲ್ವಾ? ಕತ್ತಿನ ವಿಷಯದಲ್ಲೂ ಹುಷಾರು. ಕತ್ತಿನ ಪಕ್ಕದ ರಕ್ತನಾಳದ ಮೇಲೆ ಒತ್ತಡ ಬಿದ್ದರೆ ನಾಡಿ ನಿಧಾನವಾಗಿ ತಲೆ ಸುತ್ತಬಹುದು. ಐದು ನಿಮಿಷ ಹಾಕಿಕೊಂಡು ಸುಮ್ನೆ ಕೂತು ನೋಡಿ. ಮುಖ ಬಿಗಿದಂತಾದರೆ ತಕ್ಷಣ ತೆಗೆಯಿರಿ. ಒಣ ನೆಲದ ಮೇಲೆ ಎಲ್ಲ ಸೂಟೂ ಸ್ವಲ್ಪ ಬಿಗಿ ಅನಿಸುತ್ತದೆ, ನೀರಿಗಿಳಿದರೆ ಸಡಿಲಾಗುತ್ತದೆ. ನಾನು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆನ್ನ ಹಿಂದೆ ಜಿಪ್ ಇರುವ ಸೂಟ್‌ಗಿಂತ ಟೋಪಿ ಸೇರಿದ ಜಾಕೆಟ್, ಎತ್ತರದ ಪ್ಯಾಂಟ್ ಹೀಗೆ ಎರಡು ತುಂಡಾಗಿ ಬರುವುದೇ ಫ್ರೀಡೈವಿಂಗ್‌ಗೆ ಒಳ್ಳೆಯದು. ಒಳಗೆ ಬಟ್ಟೆಯ ಪದರ ಇಲ್ಲದ ಓಪನ್ ಸೆಲ್ ರಬ್ಬರ್ ಚರ್ಮಕ್ಕೆ ಹಿಡಿದುಕೊಳ್ಳುತ್ತದೆ, ತುಂಬಾ ಬೆಚ್ಚಗಿರುತ್ತದೆ. ಆದರೆ ಉಗುರು ತಾಗಿದರೂ ಹರಿಯುತ್ತದೆ. ಒಣಗಿದ ಮೈಗೆ ಅದು ಏರುವುದೇ ಇಲ್ಲ. ನಾವು ಬಚ್ಚಲುಮನೆಯಲ್ಲೇ ಹಾಕಿಕೊಂಡೆವು. ಅಕ್ಕ ಹಂಡೆಯಿಂದ ಒಂದು ಚೊಂಬು ಬಿಸಿನೀರು ಕೊಟ್ಟಳು. ಅದಕ್ಕೆ ತಣ್ಣೀರು ಬೆರೆಸಿ, ಎರಡು ಹನಿ ಮಗುವಿನ ಶಾಂಪೂ ಹಾಕಿ, ಜಾಕೆಟ್ ಒಳಗೆ ಸುರಿದು ಅಲ್ಲಾಡಿಸಿದರೆ ತೋಳು ಸರ್ರನೆ ಜಾರಿತು. ಬೆರಳ ತುದಿಯಿಂದ ಎಳೆಯಬೇಡಿ, ಅಂಗೈಯಿಂದ ತಳ್ಳಿ. ಕೆರೆ ದಂಡೆಯಲ್ಲಿ ಶಾಂಪೂ ಬಳಸಬೇಡಿ, ಮೀನು ಇರುತ್ತವೆ.

ದಪ್ಪ ಎಷ್ಟು ಬೇಕು ಅಂದರೆ, ಲಕ್ಷದ್ವೀಪದ ಬೆಚ್ಚನೆ ಸಮುದ್ರಕ್ಕೆ ಒಂದೂವರೆಯಿಂದ 3 ಮಿಲಿಮೀಟರ್ ಸಾಕು. ಕೊಡಗಿನ ಜನವರಿ ನೀರಿಗೂ ಸರಿಯಾಗಿ ಕೂರುವ 3 ಮಿಲಿಮೀಟರ್ ನನಗೆ ಸಾಕಾಯಿತು. ಚಳಿ ತಡೆಯದವರು 5 ತೆಗೆದುಕೊಳ್ಳಲಿ, ಆದರೆ ಅಳತೆ ಸರಿಯಾಗಿರಲಿ. ಕಂಪನಿಯ ಪಟ್ಟಿಯಲ್ಲಿ ಎತ್ತರ, ತೂಕ ಮಾತ್ರ ನೋಡಿ ನಿಲ್ಲಿಸಬೇಡಿ. ಎದೆ, ಸೊಂಟ, ಪೃಷ್ಠ ಮೂರನ್ನೂ ಟೇಪ್ ಹಿಡಿದು ಅಳೆಯಿರಿ. ಯಾವ ಅಳತೆಗೂ ಮೈ ಹೊಂದದಿದ್ದರೆ ಹೊಲಿಸುವುದೇ ದಾರಿ. ಸ್ವಲ್ಪ ದುಬಾರಿ, ಆದರೆ ನಾನಂತೂ ಈಗ ಅದನ್ನೇ ಮಾಡುತ್ತಿದ್ದೇನೆ.

ತೇಲದೆ ಮುಳುಗಲು ಸೊಂಟದ ಬೆಲ್ಟ್‌ಗೆ ಹಾಕುವ ಸೀಸದ ತೂಕವನ್ನು ಕೆರೆಗೆ ಬೇರೆ, ಸಮುದ್ರಕ್ಕೆ ಬೇರೆ ಲೆಕ್ಕ ಹಾಕಿ. ಸಿಹಿನೀರು ಹಗುರ, ಅದರಲ್ಲಿ ನಾವು ಕಡಿಮೆ ತೇಲುತ್ತೇವೆ. 70 ಕೆಜಿ ಮನುಷ್ಯನಿಗೆ ಸುಮಾರು 2 ಕೆಜಿ ವ್ಯತ್ಯಾಸ ಬರುತ್ತದೆ. ಸಮುದ್ರಕ್ಕೆ ಹೊಂದಿಸಿದ ಬೆಲ್ಟನ್ನು ಕೆರೆಯಲ್ಲಿ ಹಾಗೇ ಕಟ್ಟಿದರೆ ಅಪಾಯ.

ಇನ್ನು ಕೆರೆಯ ಸಂಗತಿ. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದಾಗ ಹದಿನೆಂಟು ಅಡಿ ಬಂತು. ನೀರು ಹಸಿರು, ಎರಡು ಮಾರು ದೂರ ಕೂಡ ಕಾಣಲ್ಲ. ಹಾಗಾಗಿ ನಾವು ಆಳಕ್ಕೆ ಹೋಗಲೇ ಇಲ್ಲ. ತೇಲುವ ಬೋಯ್ (ಗಾಳಿ ತುಂಬಿದ ಬುರುಡೆ) ಕಟ್ಟಿ, ಹಗ್ಗ ಹಿಡಿದು ಎರಡು ಮೂರು ಮೀಟರ್‌ನಲ್ಲಿ ಸೂಟ್ ನೋಡಿಕೊಂಡೆವು. ಒಬ್ಬರು ಮುಳುಗುವಾಗ ಇನ್ನೊಬ್ಬರು ಮೇಲೆ ಕಾಯಬೇಕು. ಮುಳುಗಿದವರು ಮೇಲೆ ಬಂದ ಮೇಲೂ ಅರ್ಧ ನಿಮಿಷ ಮುಖದಿಂದ ಕಣ್ಣು ತೆಗೆಯಬಾರದು, ಎಷ್ಟೋ ಸಲ ಪ್ರಜ್ಞೆ ತಪ್ಪುವುದು ಆಗಲೇ. ಮುಳುಗುವ ಮೊದಲು ಜೋರುಜೋರಾಗಿ ಉಸಿರಾಡುವುದು ಬೇಡವೇ ಬೇಡ. ತರಬೇತಿ ಇಲ್ಲದವರು ಇದಕ್ಕೆ ಕೈ ಹಾಕಬೇಡಿ.

ಕಾವೇರಿಯಲ್ಲಾಗಲಿ ಹಾರಂಗಿ ಹಿನ್ನೀರಿನಲ್ಲಾಗಲಿ ಈ ಪ್ರಯೋಗ ಮಾಡಬೇಡಿ. ಹೊಳೆಯ ಸುಳಿ, ಬಂಡೆ ಸಂದು ಮೇಲಿನಿಂದ ಕಾಣುವುದಿಲ್ಲ. ಪರಿಚಯದ ತೋಟ, ಮಾಲೀಕರ ಒಪ್ಪಿಗೆ ಎರಡೂ ಇದ್ದರೆ ಮಾತ್ರ ನೀರಿಗೆ ಇಳಿಯಿರಿ. ಹಿಂದಿನ ರಾತ್ರಿ ಆನೆ ಬಂದಿತ್ತಾ ಅಂತ ತೋಟದ ಕೆಲಸದವರನ್ನು ಕೇಳಿ, ಅವರಿಗೆ ಮೊದಲು ಗೊತ್ತಾಗುತ್ತದೆ. ನೀರೆತ್ತುವ ಮೋಟರ್‌ನ ಪೈಪ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಭಾವ ಎರಡೂ ದಿನ ದಂಡೆಗೆ ಬಂದು, "ಮೋಟರ್ ಬಂದ್ ಮಾಡಿದ್ದೇನೆ, ಫ್ಯೂಸ್ ನನ್ನ ಜೇಬಲ್ಲಿದೆ, ಈಗ ಇಳೀರಿ" ಅಂತ ಹೇಳಿದ ಮೇಲೇ ನಾವು ನೀರಿಗೆ ಕಾಲಿಟ್ಟಿದ್ದು.

ಸೂಟ್ ಒಣಗಿಸಲು ಕಾಫಿ ಕಣದ ಬಿಸಿಲು ಚೆನ್ನಾಗಿದೆ ಅನಿಸಬಹುದು. ಬೇಡ, ನೇರ ಬಿಸಿಲಿಗೆ ರಬ್ಬರ್ ಹಾಳಾಗುತ್ತದೆ. ಬಚ್ಚಲ ಒಲೆಯ ಹತ್ತಿರವೂ ಬೇಡ. ಒಳಮೈ ಹೊರಗೆ ಮಾಡಿ ಜಗಲಿಯ ನೆರಳಲ್ಲಿ ಅಗಲವಾದ ಹ್ಯಾಂಗರ್‌ಗೆ ಹಾಕಿ. ಮಂಜಿಗೆ ಒಂದು ದಿನದಲ್ಲಿ ಒಣಗಲ್ಲ, ಊರಿಗೆ ಬಂದ ಮೇಲೆ ಮತ್ತೆ ಹರವಬೇಕು.

ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲೇ ಹೋಗಿ. ಫೆಬ್ರವರಿ ಕೊನೆಗೆ ರೋಬಸ್ಟಾ ಹೂವಿಗಾಗಿ ಸ್ಪ್ರಿಂಕ್ಲರ್ ಶುರುವಾದರೆ ಮೋಟರ್ ನಿಲ್ಲಿಸಿ ಅಂತ ಕೇಳುವುದು ಸರಿಯಲ್ಲ, ಕೆರೆಯ ನೀರೂ ದಿನದಿನಕ್ಕೆ ಇಳಿಯುತ್ತದೆ.