ಎಂಎ ಎಲ್ಲಿ ಓದಲಿ: ದಾಲ್ ಮಿಲ್‌ನ ಲೆಕ್ಕದ ಪುಸ್ತಕದಿಂದ

ಸೆಪ್ಟೆಂಬರ್ 2024

ಮಿಲ್‌ನ ಕಪಾಟಿನಲ್ಲಿ ಹಳೆಯ ಲೆಕ್ಕದ ಪುಸ್ತಕ ಒಂದು ಉಳಿದಿತ್ತು. ಕೆಂಪು ಬಟ್ಟೆಯ ಹೊದಿಕೆ. ಮೊದಲ ಹನ್ನೊಂದು ಪುಟದಲ್ಲಿ ಯಾವುದೋ ಕಾಲದ ಹಮಾಲಿ ಲೆಕ್ಕ, ಮುಂದೆ ಎಲ್ಲಾ ಖಾಲಿ. ಮುನೀಮ ಕಾಕಾ "ಒಯ್ಯವ್ವಾ, ಇಲಿ ಕಡಿಯೋದಕ್ಕಿಂತ ನೀ ಬರಿ" ಅಂದರು. ಹನ್ನೆರಡನೇ ಪುಟದಿಂದ ನನ್ನ ಲೆಕ್ಕ ಶುರು.

ಕೆಲಸ ಇಷ್ಟು: ಬರುವ ವರ್ಷ ಅಂತರರಾಷ್ಟ್ರೀಯ ಸಂಬಂಧಗಳ ಎಂಎಗೆ ಸೇರಬೇಕು. ಎಲ್ಲಿ ಅನ್ನುವುದನ್ನು ಈ ಪುಸ್ತಕದಲ್ಲಿ ಬರೆಯುತ್ತಾ ತೀರ್ಮಾನ ಮಾಡಬೇಕು.

ನನ್ನ ಬಂಡವಾಳ: ಕನ್ನಡ ಮಾಧ್ಯಮದಲ್ಲಿ ಬಿಎ, ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಮೂರು ವರ್ಷ ಲೆಕ್ಕ ಬರೆದ ಅನುಭವ. ಚಿತ್ತಾಪುರದ ಕಡೆ ಅಪ್ಪನ ನಾಲ್ಕು ಎಕರೆ ತೊಗರಿ ಹೊಲ. ಕೂಡಿಟ್ಟ ಹಣ ಒಂದು ಲಕ್ಷ ಎಂಬತ್ತು ಸಾವಿರ.

ಮೊದಲ ದಿನ ಬರೆದ ಪಟ್ಟಿಯಲ್ಲಿ ಹನ್ನೊಂದು ಹೆಸರಿತ್ತು. ದೆಹಲಿಯ ಜೆಎನ್‌ಯು, ಅಲ್ಲೇ ಇರುವ ಸೌತ್ ಏಷ್ಯನ್ ಯೂನಿವರ್ಸಿಟಿ, ಕೋಲ್ಕತ್ತಾದ ಜಾದವಪುರ, ನಮ್ಮ ಮಣಿಪಾಲ, ಪುದುಚೇರಿ, ಸೋನಿಪತ್‌ನ ಜಿಂದಾಲ್. ಹೊರಗಿನವು ಜಿನೀವಾ, ವಾಷಿಂಗ್ಟನ್‌ನ ಸಾಯ್ಸ್, ಬೋಸ್ಟನ್ ಹತ್ತಿರದ ಫ್ಲೆಚರ್, ಪ್ಯಾರಿಸ್‌ನ ಸಿಯಾನ್ಸ್ ಪೊ, ಸಿಂಗಾಪುರ. ಹೊರಗಿನ ಐದು ಹೆಸರು ಬರೆಯುವಾಗ ಅಕ್ಷರ ಸ್ವಲ್ಪ ಸಣ್ಣದಾಗಿವೆ. ಯಾರಾದರೂ ನೋಡಿಯಾರು ಅನ್ನುವ ನಾಚಿಕೆ ಇರಬೇಕು.

ಅಕ್ಟೋಬರ್

ಪ್ರತಿ ಹೆಸರಿಗೂ ಒಂದು ಪುಟ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮಿಲ್‌ನ ರೂಢಿ ಅಷ್ಟು ಬೇಗ ಬಿಡುವುದಿಲ್ಲ.

ಹೆಸರಿಗೆ ಎಲ್ಲಾ ಒಂದೇ, ಒಳಗೆ ಎರಡು ಜಾತಿ. ಒಂದು ಓದಿನದು. ಸಿದ್ಧಾಂತ, ಇತಿಹಾಸ, ಕೊನೆಗೆ ಪ್ರಬಂಧ, ಮುಂದೆ ಪಿಎಚ್‌ಡಿ ದಾರಿ. ಜೆಎನ್‌ಯು ಈ ಕಡೆಯದು. ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಜೆಎನ್‌ಯುಗಿಂತಲೂ ಹಳೆಯದು. 1955ರಲ್ಲಿ ದೆಹಲಿಯ ಸಪ್ರೂ ಹೌಸ್‌ನಲ್ಲಿ ಶುರುವಾಗಿ, 1970ರಲ್ಲಿ ಜೆಎನ್‌ಯು ಜೊತೆ ಸೇರಿತು. ಇನ್ನೊಂದು ಕೆಲಸದ ಜಾತಿ. ಫ್ಲೆಚರ್ 1933ರದ್ದು, ಸಾಯ್ಸ್ 1943ರದ್ದು. ಎರಡನೇ ಮಹಾಯುದ್ಧ ಇನ್ನೂ ಮುಗಿಯದಿರುವಾಗಲೇ, ಮುಗಿದ ಮೇಲಿನ ಜಗತ್ತಿಗೆ ಜನ ಬೇಕಲ್ಲ ಅಂತ ಸಾಯ್ಸ್ ಕಟ್ಟಿದರು. ಅಲ್ಲಿ ಅರ್ಥಶಾಸ್ತ್ರ ಗಟ್ಟಿ ಇರಬೇಕು. ಫ್ಲೆಚರ್‌ನಲ್ಲಿ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರಬೇಕು. ನನಗೆ ಕನ್ನಡ, ಹಿಂದಿ, ನಮ್ಮ ಓಣಿಯ ದಖನಿ ಉರ್ದು ಬರುತ್ತದೆ. ಇದುವರೆಗೆ ಯಾವ ಅರ್ಜಿಯಲ್ಲೂ ಯಾರೂ ಕೇಳದಿದ್ದದ್ದು ಮೊದಲ ಸಲ ಜಮಾ ಕಡೆ ಬಿತ್ತು.

ಖರ್ಚಿನ ಕಡೆ ಬರೆಯುವಾಗ ಪೆನ್ನು ನಿಂತಿತು. ಸಾಯ್ಸ್‌ಗೆ ವರ್ಷದ ಫೀಸೇ 60,000 ಡಾಲರ್‌ಗಿಂತ ಜಾಸ್ತಿ. ಎರಡು ವರ್ಷಕ್ಕೆ ಕೂಡಿಸಿದರೆ ಒಂದು ಕೋಟಿ ದಾಟುತ್ತದೆ, ಊಟ-ಬಾಡಿಗೆ ಬಿಟ್ಟು. ಮೂರು ಸಲ ಕೂಡಿಸಿದೆ. ಪ್ರತಿ ಸಲ ಅಷ್ಟೇ ಬಂತು. ಜೆಎನ್‌ಯು ಪುಟದಲ್ಲಿ ವರ್ಷದ ಟ್ಯೂಷನ್ ಫೀಸು ಮೂರಂಕಿ ದಾಟುವುದಿಲ್ಲ. ಒಂದು ಚೀಲ ತೊಗರಿ ಮಾರಿದರೆ ಫೀಸು ಕಟ್ಟಿ ರೈಲಿನ ಟಿಕೆಟೂ ತೆಗೆಯಬಹುದು.

ಸಿಂಗಾಪುರ ಒಂದೇ ವರ್ಷದ್ದು. ಖರ್ಚು ಕಮ್ಮಿ ಅನ್ನುತ್ತಾರೆ, ನಿಜ. ಆದರೆ ಕನ್ನಡ ಮಾಧ್ಯಮದಿಂದ ಹೋದವಳಿಗೆ ಇಂಗ್ಲಿಷ್ ಪಾಠ ಕಿವಿಗೆ ಹತ್ತುವ ಹೊತ್ತಿಗೆ ವರ್ಷವೇ ಮುಗಿದಿರುತ್ತದೆ. ಹೊಡೆದುಹಾಕಿದೆ. ಸಿಯಾನ್ಸ್ ಪೊ, ಪುದುಚೇರಿ, ಜಿಂದಾಲ್ ಕೂಡ ಹೋದವು. ಜಿಂದಾಲ್ ಫೀಸಿನಿಂದ, ಉಳಿದೆರಡು ನನ್ನ ಸೋಮಾರಿತನದಿಂದ.

ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಸಿಕ್ಕರೆ ಪೂರ್ತಿ ಖರ್ಚು ಅವರದೇ. 2,800 ಗಂಟೆ ಕೆಲಸ ಮಾಡಿರಬೇಕು ಅನ್ನುವ ನಿಯಮ. ಮಿಲ್‌ನಲ್ಲಿ ನಾನು ಅದರ ಎರಡರಷ್ಟಕ್ಕಿಂತ ಹೆಚ್ಚು ಕೂತಿದ್ದೇನೆ! ಇದು ಗೊತ್ತಾದದ್ದು ಮಾತ್ರ ಅರ್ಜಿಯ ಕೊನೆ ದಿನ ದಾಟಿದ ಮೇಲೆ.

ನವೆಂಬರ್

ಉದ್ದೇಶ ಪತ್ರ ಬರೆದೆ, ಹರಿದೆ. "ಚಿಕ್ಕಂದಿನಿಂದಲೂ ನನಗೆ ಪತ್ರಿಕೆಯ ವಿದೇಶ ಪುಟ ಓದುವ ಹವ್ಯಾಸ" ಅಂತ ಶುರು ಮಾಡಿದ್ದೆ. ಸುಳ್ಳು. ನಮ್ಮ ಮನೆಗೆ ಪತ್ರಿಕೆಯೇ ಬರುತ್ತಿರಲಿಲ್ಲ, ಭಜಿ ಕಟ್ಟಿದ ಕಾಗದ ಓದುತ್ತಿದ್ದೆ.

ಬೇರೆ ಏನೂ ಆಗಲಿಲ್ಲ. ಮಿಲ್‌ನಲ್ಲಿ ದೀಪಾವಳಿ ಲೆಕ್ಕ.

ಡಿಸೆಂಬರ್

ಹೊಸ ತೊಗರಿ ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಬರಲು ಶುರು. ಸೆಪ್ಟೆಂಬರ್‌ನಲ್ಲಿ ಕ್ವಿಂಟಲ್‌ಗೆ ಹತ್ತು ಸಾವಿರದ ಆಸುಪಾಸು ಇದ್ದ ದರ ದಿನಾ ಇಳಿಯುತ್ತಿತ್ತು. ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಕಾಕಾ ಜೊತೆ ಅಡತಿ ಅಂಗಡಿಗೆ ಹೋಗಿದ್ದೆ. ಆಳಂದ ಕಡೆಯ ಒಬ್ಬ ಹಿರಿಯರು ಬಂದು ಟವೆಲ್ ಗಂಟು ಬಿಚ್ಚಿ, ಒಂದು ಹಿಡಿ ತೊಗರಿ ನಮ್ಮ ಮೇಜಿನ ಮೇಲೆ ಸುರಿದರು. ಒಂದು ಕಾಳು ಕಚ್ಚಿ ಕಟ್ ಅಂತ ಸದ್ದು ಮಾಡಿಸಿದರು. ಒಣಗಿದೆ ಅಂತ ತೋರಿಸಲಿಕ್ಕೆ.

"ಮಾಲಿನ್ಯಾಗ ಏನ್ ತಪ್ಪದ ಹೇಳ್ರಿ. ರೇಟ್ ಯಾಕ ಹಿಂಗ ಬಿದ್ದದ?"

ಕಾಕಾ ಕನ್ನಡಕ ತೆಗೆದು ಒರೆಸುತ್ತಾ ಅಂದರು: "ಮಾಲಿಂದೇನಿಲ್ಲ ಬಿಡ್ರಿ. ಮೊಜಾಂಬಿಕ್‌ನಿಂದ ಬಂದು ಬಿದ್ದದ."

"ಅದ್ಯಾವ ತಾಲೂಕು?"

"ಹಡಗಿನ್ಯಾಗ ಬರೋ ತಾಲೂಕು."

ಎಲ್ಲರೂ ನಕ್ಕರು, ಆ ಹಿರಿಯರೂ ನಕ್ಕರು. ಆದರೆ ತೊಗರಿಯನ್ನು ಒಂದೊಂದೇ ಕಾಳು ಆರಿಸಿ ಮತ್ತೆ ಟವೆಲ್‌ಗೆ ಕಟ್ಟಿಕೊಂಡರು. ಮೇಜಿನ ಸಂದಿಗೆ ಬಿದ್ದದ್ದನ್ನೂ ಉಗುರಿನಿಂದ ತೆಗೆದರು.

ಆ ರಾತ್ರಿ ಉದ್ದೇಶ ಪತ್ರ ಒಂದೇ ಸಲಕ್ಕೆ ಬರೆದೆ. ಯಾರು ಯಾರ ಜೊತೆ ಯಾವ ಒಪ್ಪಂದಕ್ಕೆ ಸಹಿ ಹಾಕಿದರೆ ಆಳಂದದ ಹೊಲದಲ್ಲಿ ಏನಾಗುತ್ತದೆ, ಅಷ್ಟೇ ವಿಷಯ.

ಅದರ ಹಿಂದಿನ ಕಥೆ ಹುಡುಕಿದಷ್ಟೂ ಉದ್ದ. 2015ರಲ್ಲಿ ತೊಗರಿ ಬೇಳೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು. 2016ರ ಜುಲೈನಲ್ಲಿ ಪ್ರಧಾನಿ ಆಫ್ರಿಕಾದ ಮೊಜಾಂಬಿಕ್‌ಗೆ ಹೋದಾಗ ಬೇಳೆಕಾಳಿನ ಒಪ್ಪಂದ ಆಯಿತು. ಮೊದಲ ವರ್ಷ ಒಂದು ಲಕ್ಷ ಟನ್, ಐದನೇ ವರ್ಷಕ್ಕೆ ಎರಡು ಲಕ್ಷ. 2021ರಲ್ಲಿ ಮ್ಯಾನ್ಮಾರ್ ಜೊತೆ ವರ್ಷಕ್ಕೆ ಒಂದು ಲಕ್ಷ ಟನ್ ತೊಗರಿ, ಮಲಾವಿ ಜೊತೆ 50,000 ಟನ್. 2023ರ ಕೊನೆಗೆ ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ ತೊಗರಿ ಸಿಕ್ಕಿಕೊಂಡಾಗ ನಮ್ಮ ಸಾವ್ಕಾರರಿಗೆ ನಿದ್ದೆ ಇರಲಿಲ್ಲ. ಈ ಅಕ್ಟೋಬರ್‌ನಲ್ಲಿ ಅಲ್ಲಿ ಚುನಾವಣೆ ಆಗಿ ಗಲಾಟೆ ಎದ್ದಾಗಲೂ ಅಷ್ಟೇ. ಅಲ್ಲಿನ ರಾಜಧಾನಿ ಮಾಪುಟೊ ಅನ್ನುವ ಹೆಸರು ನಮ್ಮ ಮಿಲ್‌ನಲ್ಲಿ ಬೆಂಗಳೂರಿಗಿಂತ ಜಾಸ್ತಿ ಕೇಳಿಬರುತ್ತದೆ.

ಇನ್ನೊಂದು ಸಿಕ್ಕಿತು. ಭಾರತ ಬೇಳೆಕಾಳಿಗೆ ಕೊಡುವ ಬೆಂಬಲ ಬೆಲೆ ಮಿತಿ ಮೀರಿದೆ ಅಂತ ಅಮೆರಿಕ ಮತ್ತು ಕೆನಡಾ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ತಕರಾರು ಇಟ್ಟಿದ್ದವು. ಆ ಪಟ್ಟಿಯಲ್ಲಿ ತೊಗರಿಯೂ ಇದೆ. ಅದೇ ವರ್ಷ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಗುರುತು, ಬಂದಿತ್ತು. ಒಂದು ಕಡೆ ಸನ್ಮಾನ, ಇನ್ನೊಂದು ಕಡೆ ತಕರಾರು. ತಕರಾರು ನಡೆದದ್ದು ಜಿನೀವಾದಲ್ಲಿ. ನನ್ನ ಪಟ್ಟಿಯ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಮತ್ತು ವಿಶ್ವ ವ್ಯಾಪಾರ ಸಂಸ್ಥೆ ಎರಡೂ ಅದೇ ಊರಿನಲ್ಲಿವೆ. 1927ರಲ್ಲಿ ಇನ್‌ಸ್ಟಿಟ್ಯೂಟ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ವಿಲಿಯಂ ರಪ್ಪಾರ್ ಹೆಸರೇ ವ್ಯಾಪಾರ ಸಂಸ್ಥೆಯ ಕಟ್ಟಡಕ್ಕೂ ಇದೆ.

ಜಿನೀವಾ ಪುಟಕ್ಕೆ ಕೆಂಪು ದಾರ ಇಟ್ಟೆ.

ಜನವರಿ 2025

ಅರ್ಜಿಯ ತಿಂಗಳು, ಅಂದರೆ ಓಡಾಟದ ತಿಂಗಳು. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಆಧಾರ್‌ನಲ್ಲಿ ಊರಿನ ಹೆಸರೂ ಸೇರಿಕೊಂಡಿದೆ. ಮೂರೂ ನಾನೇ ಅಂತ ಸಾಬೀತು ಮಾಡಲಿಕ್ಕೆ ಒಂದು ಕಚೇರಿಗೆ ನಾಲ್ಕು ಸಲ ಹೋದೆ. ಮೂರನೇ ಸಲ ಅಲ್ಲಿದ್ದವರು "ಇದರಲ್ಲಿ ಯಾವುದು ನೀವು?" ಅಂತ ನಿಜವಾಗಿಯೇ ಕೇಳಿದರು. ಕೊನೆಗೆ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್.

ಶಿಫಾರಸು ಪತ್ರಕ್ಕೆ ನನ್ನ ಹಳೆಯ ಮೇಷ್ಟ್ರ ಹತ್ತಿರ ಹೋದೆ. "ನೀನೇ ಬರ್ಕೊಂಡ್ ಬಾ, ಸಹಿ ಮಾಡ್ತೀನಿ" ಅಂದರು. ನನ್ನ ಬಗ್ಗೆ ನಾನೇ ಹೊಗಳಿಕೊಂಡು ಇಂಗ್ಲಿಷ್‌ನಲ್ಲಿ ಬರೆಯುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. "ಶ್ರದ್ಧಾವಂತೆ" ಅಂತ ಎರಡು ಸಲ ಬರೆದು ನಿಲ್ಲಿಸಿದೆ. ಓದಿದ ಮೇಷ್ಟ್ರು ಪೆನ್ನು ತೆಗೆದು ತಾವೇ ಮೂರು ಸಾಲು ಸೇರಿಸಿದರು. ಪತ್ರದಲ್ಲಿ ಚೆನ್ನಾಗಿರುವುದು ಆ ಮೂರೇ ಸಾಲು.

ಇದೇ ತಿಂಗಳು ಕೇಂದ್ರ ಸರ್ಕಾರ ತೊಗರಿಯ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್ 31ರವರೆಗೆ ಮುಂದುವರೆಸಿತು. ಗಂಜ್‌ನಲ್ಲಿ ದರ ಬೆಂಬಲ ಬೆಲೆಯಾದ 7,550ರ ಹತ್ತಿರಕ್ಕೆ ಬಂತು. ರಾಜ್ಯ ಸರ್ಕಾರ ಅದರ ಮೇಲೆ 450 ಸೇರಿಸಿ 8,000 ಮಾಡಿತು. ಅಪ್ಪ ಫೋನಿನಲ್ಲಿ ಇದನ್ನೆಲ್ಲ ಕೇಳಿ, "ನಿನ್ ಪರೀಕ್ಷಾದಾಗ ಇದ್ ಕೇಳ್ತಾರೇನು?" ಅಂದರು. ಕೇಳಲಿಕ್ಕಿಲ್ಲ.

ಅಮೆರಿಕದ ಹೊಸ ಅಧ್ಯಕ್ಷರು ಬಂದ ದಿನವೇ ವಿದೇಶಿ ನೆರವು 90 ದಿನ ತಡೆಹಿಡಿದರು. ಸಾಯ್ಸ್, ಫ್ಲೆಚರ್‌ನಂಥ ಕಡೆ ಓದಿದವರಲ್ಲಿ ಎಷ್ಟೋ ಜನರಿಗೆ ಕೆಲಸ ಕೊಡುತ್ತಿದ್ದದ್ದು ಆ ನೆರವಿನ ಹಣವೇ. ಕೋಟಿ ಸಾಲ ಮಾಡಿ ಹೋಗುವ ಮಾತಂತೂ ಮೊದಲೇ ಇರಲಿಲ್ಲ, ಈಗ ಆ ಎರಡು ಪುಟ ಮಡಚಿ ಪಿನ್ ಹೊಡೆದೆ.

ಜಿನೀವಾಕ್ಕೆ ಅರ್ಜಿ ಹೋಯಿತು, ವಿದ್ಯಾರ್ಥಿವೇತನದ ಅರ್ಜಿ ಸಮೇತ.

ಫೆಬ್ರವರಿ

ಪೋರ್ಚುಗೀಸ್ ಕಲಿಯಲು ಶುರು, ಫೋನಿನಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷ. ಮೊಜಾಂಬಿಕ್‌ನಲ್ಲಿ ತೊಗರಿಗೆ "ಫೇಜಾಂವ್ ಬೋಎರ್" ಅನ್ನುತ್ತಾರೆ. ಕಾಕಾಗೆ ಹೇಳಿಕೊಟ್ಟೆ. ಈಗ ಲಾರಿ ಬಂದಾಗಲೆಲ್ಲ "ಫೇಜಾಂವ್ ಬಂತ್ ನೋಡ್ರಿ" ಅಂತ ಕೂಗುತ್ತಾರೆ, ಹಮಾಲರು ನಗುತ್ತಾರೆ.

ಜೆಎನ್‌ಯು ಸೇರಲು ಬರೆಯಬೇಕಾದ ಪ್ರವೇಶ ಪರೀಕ್ಷೆ ಸಿಯುಇಟಿ ಪಿಜಿಗೆ ಎರಡು ಪತ್ರಿಕೆ ತೆಗೆದುಕೊಂಡೆ, ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ. 90 ನಿಮಿಷದಲ್ಲಿ 75 ಪ್ರಶ್ನೆ, ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ. ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಾನು "ಶಕ್ತಿ ಸಮತೋಲನ" ಅಂತ ಓದಿದ್ದೇನೆ, "ವಾಸ್ತವವಾದ" ಅಂತ ಓದಿದ್ದೇನೆ. ಅವೇ ವಿಷಯ ಇಂಗ್ಲಿಷ್ ಅಂಗಿ ಹಾಕಿಕೊಂಡು ಬಂದರೆ ಗುರುತು ಹಿಡಿಯಲು ಎರಡು ಕ್ಷಣ ಬೇಕು. ಆ ಎರಡೆರಡು ಕ್ಷಣವೇ ಪರೀಕ್ಷೆಯಲ್ಲಿ ಹತ್ತು ನಿಮಿಷ ಆಗುತ್ತದೆ. ಪುಸ್ತಕದ ಕೊನೆಯಿಂದ ಹಿಂದಕ್ಕೆ ಒಂದು ಪದಪಟ್ಟಿ ಬರೆಯುತ್ತಿದ್ದೇನೆ. ಇವತ್ತಿಗೆ 312 ಪದ.

ಮಾರ್ಚ್

ಎರಡೂ ಪರೀಕ್ಷೆ ಆಯಿತು. ರಾಜ್ಯಶಾಸ್ತ್ರ ಪರವಾಗಿಲ್ಲ. ಅರ್ಥಶಾಸ್ತ್ರದಲ್ಲಿ ಗಣಿತ ಬಂದಲ್ಲೆಲ್ಲ ಬಿಟ್ಟು ಬಂದೆ.

ಜಿನೀವಾದ ಮೇಲ್ ಬಂದದ್ದು ಮಿಲ್‌ನಲ್ಲಿದ್ದಾಗ. ಪ್ರವೇಶ ಇದೆ, ವಿದ್ಯಾರ್ಥಿವೇತನ ಇಲ್ಲ. ಎರಡು ಸಲ ಓದಿದೆ. ಯಂತ್ರದ ಸದ್ದಿನಲ್ಲಿ ಅಳುವ ಅನುಕೂಲ ಇತ್ತು, ಉಪಯೋಗಿಸಿಕೊಂಡೆ.

ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ, "ಎಷ್ಟ್ ಕಮ್ಮಿ ಬೀಳ್ತದ?" ಗಂಜ್‌ನಲ್ಲಿ ತೂಕ ಕೇಳುವ ಧ್ವನಿಯಲ್ಲೇ. ಫೀಸಿಗಿಂತ ಅಲ್ಲಿ ಇರುವ ಖರ್ಚೇ ದೊಡ್ಡದು ಅಂತ ಹೇಳಿ ಪುಸ್ತಕದ ಪುಟ ತೋರಿಸಿದೆ. ಅಂಕಿಗಳ ಮೇಲೆ ಬೆರಳಿಟ್ಟು ನಿಧಾನ ನೋಡಿದರು. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದರು. ಅವ್ವ ಒಳಗಿನಿಂದ "ಮಣಿಪಾಲ ಏನಾಯ್ತು? ಅದು ನಮ್ ಕರ್ನಾಟಕದಾಗೇ ಅದಲ್ಲ" ಅಂದಳು. ಅವಳ ಆಯ್ಕೆ ಮೊದಲ ದಿನದಿಂದ ಬದಲಾಗಿಲ್ಲ. ಅಲ್ಲಿ ಭೂರಾಜಕೀಯಕ್ಕೇ ಒಂದು ವಿಭಾಗ ಇದೆ, ಚೆನ್ನಾಗಿಯೇ ಇದೆ. ಆದರೆ ಖಾಸಗಿ ಫೀಸು, ಮತ್ತೆ ಸಾಲ.

ಜಿನೀವಾಕ್ಕೆ ಬರುವುದಿಲ್ಲ ಅಂತ ಬರೆದೆ. ಎರಡು ಸಾಲಿನ ಮೇಲ್‌ಗೆ ಒಂದು ಸಂಜೆ ಹಿಡಿಯಿತು.

ಮೇ

ಸಿಯುಇಟಿ ಫಲಿತಾಂಶ ಬಂತು. ನಿರೀಕ್ಷೆ ಮಾಡಿದ ಹಾಗೆಯೇ, ರಾಜ್ಯಶಾಸ್ತ್ರ ಮೇಲೆ, ಅರ್ಥಶಾಸ್ತ್ರ ಕೆಳಗೆ.

ಈಗ ಜಗಳ ಜೆಎನ್‌ಯು ಒಳಗೇ. ಒಂದೇ ಶಾಲೆಯಲ್ಲಿ ಎರಡು ಬಾಗಿಲು. ಒಂದು ರಾಜಕೀಯದ ಎಂಎ, ಅಂತರರಾಷ್ಟ್ರೀಯ ಅಧ್ಯಯನ ವಿಶೇಷ. ಇನ್ನೊಂದು ಅರ್ಥಶಾಸ್ತ್ರದ ಎಂಎ, ವಿಶ್ವ ಆರ್ಥಿಕತೆ ವಿಶೇಷ. ತೊಗರಿ ಪ್ರಶ್ನೆ ಎರಡನೆಯದಕ್ಕೆ ಸೇರಿದ್ದು ಅಂತ ಕಾಕಾ ವಾದ. "ರೇಟ್ ಅಂದ್ರ ಲೆಕ್ಕ, ಲೆಕ್ಕ ಅಂದ್ರ ಅರ್ಥಶಾಸ್ತ್ರ." ನಾನು ಒಪ್ಪಲಿಲ್ಲ. ಸುಂಕ ತೆಗೆಯುವುದನ್ನು ಮುಂದುವರೆಸಿದ್ದು ಲೆಕ್ಕವೊಂದೇ ಅಲ್ಲ. ಪಟ್ಟಣದಲ್ಲಿ ಬೇಳೆ ತಿನ್ನುವವರ ಓಟು ಎಷ್ಟು, ಬೆಳೆಯುವವರದು ಎಷ್ಟು, ಮೊಜಾಂಬಿಕ್ ಜೊತೆ ಸ್ನೇಹದ ಬೆಲೆ ಎಷ್ಟು, ಇದೆಲ್ಲ ಸೇರಿ ಆಗಿರುವ ತೀರ್ಮಾನ. ಅದೇ ಶಾಲೆಯಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರ ಇದೆ, ಕ್ಯಾಂಪಸ್‌ನಲ್ಲೇ ಪೋರ್ಚುಗೀಸ್ ಕಲಿಸುತ್ತಾರೆ. ಗಣಿತಕ್ಕೆ ಹೆದರಿ ಈ ವಾದ ಕಟ್ಟುತ್ತಿದ್ದೇನಾ? ಸ್ವಲ್ಪ ಇರಬಹುದು.

ರಾಜಕೀಯ ಮೊದಲು, ವಿಶ್ವ ಆರ್ಥಿಕತೆ ಎರಡನೆಯದು ಅಂತ ಬರೆದೆ. ಮೂರನೆಯದು ಸೌತ್ ಏಷ್ಯನ್ ಯೂನಿವರ್ಸಿಟಿ. ದಕ್ಷಿಣ ಏಷ್ಯಾದ ಒಕ್ಕೂಟ ಸಾರ್ಕ್‌ನ ದೇಶಗಳು ಸೇರಿ ಮಾಡಿದ್ದು, 2010ರಲ್ಲಿ ಪಾಠ ಶುರುವಾಯಿತು. ಸಾರ್ಕ್ ನಾಯಕರ ಶೃಂಗಸಭೆ 2014ರ ಕಠ್ಮಂಡು ಆದ ಮೇಲೆ ನಡೆದೇ ಇಲ್ಲ. ಆದರೆ ನೇಪಾಳ, ಬಾಂಗ್ಲಾ, ಶ್ರೀಲಂಕಾದ ಹುಡುಗಿಯರು ಒಂದೇ ಮೆಸ್‌ನಲ್ಲಿ ಉಣ್ಣುತ್ತಾರೆ. ಜೆಎನ್‌ಯು ಸಿಗದಿದ್ದರೆ ನನಗೆ ಅಲ್ಲಿ ಬೇಜಾರಿಲ್ಲ.

ನಿನ್ನೆ ಸಾವ್ಕಾರರಿಗೆ ಹೇಳಿದೆ. ಕೆಲಸ ಬಿಡುವ ಮಾತು, ಹೆದರಿಕೆ ಇತ್ತು. ಅವರು ಗಡ್ಡ ಕೆರೆದುಕೊಂಡು, "ದಿಲ್ಲಿಗಿ ಹೋಗ್ತಿ, ದೊಡ್ಡ ದೊಡ್ಡ ಮಂದಿ ಗುರ್ತಾಗ್ತದ. ಹಡಗ ಬಿಡೋಕಿಂತ ಮೊದಲ ಒಂದ್ ಫೋನ್ ಹಚ್ಚು" ಅಂದರು.

ಉಳಿದಿರುವುದು: ಜೆಎನ್‌ಯು ಅರ್ಜಿ ಬೇರೆಯೇ ತುಂಬಬೇಕು. ಅಫಿಡವಿಟ್‌ನ ಎರಡು ಜೆರಾಕ್ಸ್. ಕಾಕಾಗೆ ಕಂಪ್ಯೂಟರ್‌ನಲ್ಲಿ ಜಿಎಸ್‌ಟಿ ತುಂಬುವುದು ಕಲಿಸಬೇಕು, ಮೂರು ದಿನದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಪದಪಟ್ಟಿ 540ಕ್ಕೆ ಬಂದಿದೆ.